ಅಟ್ಟ ಕಟ್ಟುವ ಮುಂಚೆ ನಡುಗಂಬ ನೋಡಿ

ನಮ್ಮ ಸೀಮೆಯಲ್ಲಿ ತೆಂಗು ಬೆಳೆದವನಿಗೆ ಅಟ್ಟ ಬೇಕೇ ಬೇಕು. ಕಾಯಿ ಕಿತ್ತ ವಾರದಲ್ಲೇ ಮಾರಿ ಕೈ ತೊಳೆದುಕೊಳ್ಳುವವರೂ ಇದ್ದಾರೆ. ಆದರೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಆಚೆಗೆ ತಿಪಟೂರು, ಅರಸೀಕೆರೆಯವರೆಗೂ ಉಂಡೆ ಕೊಬ್ಬರಿ ಮಾಡುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಚೆನ್ನಾಗಿ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಎಂಟರಿಂದ ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗಿಟಗಿಟ ಸದ್ದು ಬರಬೇಕು. ಆಗ ಅದು ಗಿಟುಕು.

ಅಷ್ಟು ದಿನ ಕಾಯಿಗೆ ಬೇಕಾದ್ದು ಮೂರೇ. ನೆರಳು, ಕೆಳಗಿನಿಂದಲೂ ಆಡುವ ಗಾಳಿ, ಅಲುಗಾಡದ ನೆಲೆ. ನೆರಳನ್ನು ಸೂರು ಕೊಡುತ್ತದೆ. ಗಾಳಿಗಂತೂ ಜೋಗಿಮಟ್ಟಿ ತಪ್ಪಲಿನ ನಮಗೆ ಬರವಿಲ್ಲ. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುವುದೇ ಅದಕ್ಕೆ ಸಾಕ್ಷಿ. ಮೂರನೆಯದನ್ನು ಮಾತ್ರ ನಾವೇ ಕಟ್ಟಿಕೊಳ್ಳಬೇಕು. ನಾನು ಒಂದು ಸಲ ಕಟ್ಟಿ ಕೆಡಿಸಿಕೊಂಡೆ, ಎರಡನೇ ಸಲ ಸರಿಯಾಗಿ ಕಟ್ಟಿದೆ. ಎರಡನ್ನೂ ಇಲ್ಲಿ ಬರೆದಿದ್ದೇನೆ. ಕೆಟ್ಟದ್ದರಿಂದ ಕಲಿತದ್ದೇ ಹೆಚ್ಚು.

ಆ ಐದು ನಿಮಿಷ

2016ರಿಂದ 2018ರವರೆಗಿನ ಬರ ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. ಕೊಳವೆಬಾವಿಗಳು ಬತ್ತಿದವು. ಅಪ್ಪ ನೆಟ್ಟ ತೆಂಗಿನ ಮರಗಳು ಸುಳಿ ಒಣಗಿಸಿಕೊಂಡು ನಿಂತಲ್ಲೇ ನಿಂತವು. ‘ಸತ್ತ ಮರ ಸುಮ್ಮನೆ ಯಾಕೆ ಹಾಳಾಗ್ಬೇಕು, ಅಟ್ಟಕ್ಕಾದ್ರೂ ಆಗ್ಲಿ’ ಅಂತ 2019ರ ಬೇಸಿಗೆಯಲ್ಲಿ ಅವನ್ನೇ ಉರುಳಿಸಿದೆ. ಹನ್ನೆರಡು ಅಡಿ ಅಗಲ, ಹದಿನೆಂಟು ಅಡಿ ಉದ್ದ, ನೆಲದಿಂದ ಆರಡಿ ಎತ್ತರ, ಹನ್ನೆರಡು ಕಂಬ. ನೋಡಿದವರೆಲ್ಲ ‘ಬಾಳ ಚೆನ್ನಾಗೈತೆ’ ಅಂದರು. ನನಗೂ ಹೆಮ್ಮೆ.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೇ ಸಲ ಕಾಯಿ ಏರಿಸಿದ ಮೇಲೆ, 2020ರ ಅಕ್ಟೋಬರಿನಲ್ಲಿ, ಮಳೆ ಹಿಡಿದು ಬಿಟ್ಟ ಒಂದು ಬೆಳಗಿನ ಜಾವ ದಢಾರ್ ಅಂತ ಸದ್ದಾಯಿತು. ಓಡಿಹೋಗಿ ನೋಡಿದರೆ ಅಟ್ಟ ನಡುವಿಗೆ ಮಡಚಿಕೊಂಡು ಬಿದ್ದಿತ್ತು. ನಾಲ್ಕು ಸಾವಿರ ಕಾಯಿ ನೆಲದ ಮೇಲೆ. ಕೆಳಗೆ ಕಟ್ಟಿದ್ದ ಎರಡು ಮೇಕೆ ಸತ್ತವು. ಅಮ್ಮ ಅಲ್ಲೇ ಹಿಕ್ಕೆ ಗುಡಿಸಿ, ಬುಟ್ಟಿ ಎತ್ತಿಕೊಂಡು ತಿಪ್ಪೆ ಕಡೆ ಹೋಗಿ ಐದು ನಿಮಿಷ ಆಗಿತ್ತಷ್ಟೆ.

ಒಡೆದ ಕಾಯಿ ಕೌಟು ಹತ್ತಿ ಹೋಯಿತು, ಒಂದು ವರ್ಷದ ಆದಾಯದಲ್ಲಿ ದೊಡ್ಡ ಪಾಲು ಹೋಯಿತು. ಅದನ್ನು ಮರೆಯಬಹುದು. ಆ ಐದು ನಿಮಿಷ ಮರೆಯಲಾಗದು. ಈ ಲೇಖನ ಬರೆಸಿದ್ದು ಅದೇ.

ಬಿದ್ದ ಅಟ್ಟದ ‘ಪೋಸ್ಟ್‌ಮಾರ್ಟಂ’

ಊರಿನ ಹಿರಿಯ ಬಡಗಿಯೊಬ್ಬರನ್ನು ಕರೆತಂದು ತೋರಿಸಿದೆ. ಅವರು ಬೀಡಿ ಹಚ್ಚಿಕೊಂಡು ಒಂದು ಸುತ್ತು ಬಂದರು. ಕಂಬಗಳನ್ನು ಕಾಲಿನಿಂದ ಒದ್ದು ನೋಡಿದರು. ಆಮೇಲೆ ಅಂದರು:

‘ಅಲ್ಲಪ್ಪಾ, ಕಣ್ಣಿಗೆ ಕಾಣೋ ಕಡೆ ಒಳ್ಳೆ ಮರ ಹಾಕಿದೀಯ. ಭಾರ ಹೊರೋ ಕಡೆ ಕಸ ಹಾಕಿದೀಯ.’

ನಿಜವೇ. ಹೊರಸಾಲಿಗೆ ನೆಟ್ಟಗಿನ, ಗಟ್ಟಿ ಬುಡದ ಕಂಬಗಳನ್ನು ಇಟ್ಟಿದ್ದೆ. ಒಳಗಿನ ಎರಡು ನಡುಗಂಬಗಳಿಗೆ ‘ಯಾರಿಗೆ ಕಾಣ್ತದೆ’ ಅಂತ ಮರದ ತುದಿ ಭಾಗದ ತುಂಡು ನೆಟ್ಟಿದ್ದೆ. ಅದಲ್ಲದೆ ಇನ್ನೂ ಮೂರು ತಪ್ಪು. ಒಂದು, ಕಂಬಗಳನ್ನು ಎರಡಡಿ ಮಣ್ಣಿನಲ್ಲೇ ಹೂತಿದ್ದೆ. ಮಣ್ಣಿನ ಮಟ್ಟದಲ್ಲಿ ಎಲ್ಲವೂ ಲಡ್ಡಾಗಿದ್ದವು. ಎರಡು, ತೊಲೆಗಳನ್ನು ಕಂಬದ ತಲೆಯ ಮೇಲೆ ಕೂರಿಸದೆ ಪಕ್ಕಕ್ಕೆ ಮೊಳೆ ಹೊಡೆದು ನಿಲ್ಲಿಸಿದ್ದೆ. ಭಾರವೆಲ್ಲ ಮೊಳೆಯ ಮೇಲೆ. ಮೂರು, ನಿಂತು ಸತ್ತ ಮರಕ್ಕೆ ನಾನು ಕಡಿಯುವ ಹೊತ್ತಿಗಾಗಲೇ ಹುಳ, ಬೂಷ್ಟು ಹೊಕ್ಕಾಗಿತ್ತು.

ಮೊದಲು ಭಾರದ ಲೆಕ್ಕ

ಈ ಲೆಕ್ಕವನ್ನು ನಾನು ಅಟ್ಟ ಬಿದ್ದ ಮೇಲೆ ಮಾಡಿದೆ. ನೀವು ಕಟ್ಟುವ ಮುಂಚೆ ಮಾಡಿ.

ಸಿಪ್ಪೆ ಇರುವ ನಮ್ಮ ನಾಟಿ ಕಾಯಿ ಒಂದು ಘನ ಅಡಿ ಜಾಗಕ್ಕೆ ಸುಮಾರು ಐದು ಹಿಡಿಸುತ್ತವೆ. ನಾಲ್ಕಡಿ ಎತ್ತರ ರಾಶಿ ಹಾಕಿದರೆ ಒಂದು ಚದರಡಿ ಮೇಲೆ ಇಪ್ಪತ್ತು ಕಾಯಿ. ಹೊಸ ಕಾಯಿ ಒಂದಕ್ಕೆ ಒಂದು ಕಿಲೋ ಮೇಲೇ ತೂಗುತ್ತದೆ. ಹಾಗಾಗಿ ಚದರಡಿಗೆ 22 ಕಿಲೋ ಅಂತ ಹಿಡಿಯಿರಿ. ನನ್ನ ಅಟ್ಟ 12×18, ಅಂದರೆ 216 ಚದರಡಿ. ಒಟ್ಟು ಭಾರ ಐದು ಟನ್ನಿನ ಹತ್ತಿರ ಬಂತು!

ಈ ಐದು ಟನ್ನನ್ನು ಹನ್ನೆರಡು ಕಂಬ ಸಮನಾಗಿ ಹಂಚಿಕೊಳ್ಳುತ್ತವೆ ಅಂತ ತಿಳಿದಿದ್ದೆ. ಹಾಗಿಲ್ಲ. ಕಂಬಗಳು ಆರಾರು ಅಡಿಗೆ ಇದ್ದರೆ ಮೂಲೆಯ ಕಂಬದ ಪಾಲಿಗೆ ಬರುವುದು 3×3, ಒಂಬತ್ತು ಚದರಡಿ ಮಾತ್ರ. ಅಂಚಿನ ಕಂಬಕ್ಕೆ ಹದಿನೆಂಟು. ನಡುಗಂಬಕ್ಕೆ ನಾಲ್ಕೂ ಕಡೆಯಿಂದ ಸೇರಿ ಮೂವತ್ತಾರು. ಮೂಲೆಯ ಕಂಬ ಇನ್ನೂರು ಕಿಲೋ ಹೊತ್ತರೆ ನಡುಗಂಬ ಹೊರುವುದು ಎಂಟುನೂರು ಕಿಲೋ, ನಾಲ್ಕು ಪಟ್ಟು! ನಾನು ಕಸದ ಮರ ಇಟ್ಟದ್ದು ಸರಿಯಾಗಿ ಅಲ್ಲೇ.

ತಂಗಿಯ ಮಗ ಹೊರದೇಶದಲ್ಲಿದ್ದಾನೆ. ಅಲ್ಲಿ ಮನೆಯ ಹಿಂದೆ ಕೂತು ಕಾಫಿ ಕುಡಿಯಲಿಕ್ಕೆ ಮರದ ಜಗಲಿ ಕಟ್ಟುತ್ತಾರಂತೆ, ‘ಡೆಕ್’ ಅನ್ನುತ್ತಾರೆ. ಫೋಟೋ ನೋಡಿದರೆ ನಮ್ಮ ಅಟ್ಟವೇ! ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಸಂದು ಬಿಟ್ಟು ಹಲಗೆ. ಅಲ್ಲಿ ಚಳಿಗೆ ನೆಲ ಹೆಪ್ಪುಗಟ್ಟಿ ಉಬ್ಬುತ್ತದೆ, ಹಾಗಾಗಿ ಪಾಯ ಆಳಕ್ಕೆ ಇಳಿಸುತ್ತಾರೆ. ನಮಗೆ ಆ ಕಾಟ ಇಲ್ಲ, ಗೆದ್ದಲಿನ ಕಾಟ ಇದೆ. ಉಳಿದ ಪಾಠ ಎರಡೂ ಕಡೆ ಒಂದೇ.

ಮರ ಆರಿಸುವುದು

ಜೋಗಿಮಟ್ಟಿ ಈಗ ವನ್ಯಜೀವಿಧಾಮ. ಕಾಡಿನಿಂದ ಮರ ತರುವ ಮಾತೇ ಇಲ್ಲ, ತರಲೂಬಾರದು. ನಮ್ಮ ತೋಟ, ನಮ್ಮ ಬದುವಿನಲ್ಲಿ ಇರುವುದರಲ್ಲೇ ಆಗಬೇಕು. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿದೆ. ಬೇರೆ ಮರ ಕಡಿಯುವ ಮುಂಚೆ ಅರಣ್ಯ ಇಲಾಖೆ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ತೆಂಗಿನ ಮರದ ಗುಣ ಬೇರೆ ಮರದ ಹಾಗಲ್ಲ. ಜಾಲಿ, ಬೇವಿನಲ್ಲಿ ಗಟ್ಟಿ ಕೆಚ್ಚು ಇರುವುದು ಒಳಗೆ. ತೆಂಗಿನಲ್ಲಿ ಕೆಚ್ಚೇ ಇಲ್ಲ. ಅದರ ಗಟ್ಟಿತನವೆಲ್ಲ ಹೊರಗಿನ ಸುತ್ತಿನಲ್ಲಿ. ಒಳಗೆ ಹೋದಂತೆ ಮೆತ್ತಗೆ. ಬುಡದಲ್ಲಿ ಗಟ್ಟಿ, ತುದಿಗೆ ಹೋದಂತೆ ಮೆತ್ತಗೆ. ಐವತ್ತು ಅರವತ್ತು ವರ್ಷ ದಾಟಿ, ಫಸಲು ಇಳಿದ, ಆದರೆ ಇನ್ನೂ ಜೀವ ಇರುವ ಮರ ಒಳ್ಳೆಯದು. ಬುಡದ ಹದಿನೈದು ಇಪ್ಪತ್ತು ಅಡಿಯಲ್ಲಿ ಹೊರ ಸುತ್ತನ್ನು ಮಾತ್ರ ತೆಗೆದುಕೊಳ್ಳಬೇಕು. ಕಡು ಕೆಂಗಂದು ಬಣ್ಣ, ಒತ್ತೊತ್ತಾದ ಕಪ್ಪು ಚುಕ್ಕೆ ಇದ್ದರೆ ಗಟ್ಟಿ. ಹೊಟ್ಟೆ ಭಾಗ ಒಲೆಗೆ ಹಾಕಿ.

ಕಣ್ಣಳತೆ ಸಾಲದು ಅನ್ನುವವರಿಗೆ ಒಂದು ಸುಲಭ ಪರೀಕ್ಷೆ. ಚೆನ್ನಾಗಿ ಒಣಗಿದ ಮರದಿಂದ ಮೇಲಿಂದ ಕೆಳಗೆ ಒಂದೇ ಸಮ ಇರುವ ಹತ್ತು ಇಂಚು ಉದ್ದದ ಪಟ್ಟಿ ಸೀಳಿ. ಇಂಚಿಗೊಂದು ಗೆರೆ ಹಾಕಿ. ಒಂದು ಪಿವಿಸಿ ಪೈಪಿನ ತುಂಡಿಗೆ ಕೆಳಗೆ ಮುಚ್ಚಳ ಹಾಕಿ, ನೀರು ತುಂಬಿ, ಪಟ್ಟಿಯನ್ನು ನೆಟ್ಟಗೆ ಇಳಿಬಿಡಿ. ಕಿರಿದಾದ ಪೈಪಿನಲ್ಲಿ ಅದು ವಾಲುವುದಿಲ್ಲ. ಆರು ಇಂಚಿಗಿಂತ ಹೆಚ್ಚು ಮುಳುಗಿದರೆ ತೊಲೆ, ಜಂತೆಗೆ ಆಗುತ್ತದೆ. ನಾಲ್ಕರಿಂದ ಆರು ಮುಳುಗಿದರೆ ಭಾರ ಬೀಳದ ಕಡೆಗೆ. ನಾಲ್ಕಕ್ಕಿಂತ ಕಡಿಮೆ ಆದರೆ ಸೌದೆಗೆ! ಪಟ್ಟಿ ಒದ್ದೆಯಿದ್ದರೆ ಹೆಚ್ಚು ಮುಳುಗಿ ಮೋಸ ಮಾಡುತ್ತದೆ, ನೆನಪಿರಲಿ.

ಎರಡನೇ ಅಟ್ಟಕ್ಕೆ ಎಂಟು ಮುದಿ ಮರ ಬೇಕಾಯಿತು. ತೆಂಗು ಗರಗಸದ ಹಲ್ಲನ್ನು ಬೇಗ ಮೊಂಡಾಗಿಸುತ್ತದೆ, ಮಿಲ್ಲಿನವರು ಗೊಣಗುತ್ತಾರೆ. ಕಡಿದ ತಕ್ಷಣ ಕೊಯ್ಸಿ. ಕೊಯ್ದ ಹಲಗೆಗಳನ್ನು ನೆರಳಿನಲ್ಲಿ, ನಡುನಡುವೆ ಅಡ್ಡಪಟ್ಟಿ ಇಟ್ಟು, ಗಾಳಿಯಾಡುವಂತೆ ನಾಲ್ಕು ತಿಂಗಳು ಪೇರಿಸಿಟ್ಟೆ. ಕಂಬಗಳಿಗೆ ಮಾತ್ರ ತೆಂಗು ಬೇಡ ಅಂತ ಬಡಗಿ ಹೇಳಿದರು. ಬದುವಿನ ಜಾಲಿಯಿಂದ ಐದು ಇಂಚು ಚೌಕದ ಕಂಬ ಕೆತ್ತಿಸಿದೆ.

ಕಾಲು ಮಣ್ಣು ಮುಟ್ಟಬಾರದು

ಮೊದಲು ಅಳತೆ. ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಕಟ್ಟಿ. ಮೂಲೆ ಸರಿಯಾಗಿದೆಯೋ ನೋಡಲಿಕ್ಕೆ ಒಂದು ದಾರದಲ್ಲಿ ಆರಡಿಗೆ, ಇನ್ನೊಂದರಲ್ಲಿ ಎಂಟಡಿಗೆ ಗುರುತು ಹಾಕಿ. ಎರಡು ಗುರುತಿನ ನಡುವೆ ಹತ್ತಡಿ ಬಂದರೆ ಮೂಲೆ ಸರಿ. ಕೊನೆಗೆ ಕರ್ಣ ಅಳೆಯಿರಿ. 12×18ಕ್ಕೆ ಎರಡೂ ಕರ್ಣ 21 ಅಡಿ ಏಳೂವರೆ ಇಂಚು ಬರಬೇಕು. ಇಲ್ಲಿ ಎರಡಿಂಚು ತಪ್ಪಿದರೆ ಮೇಲೆ ಪ್ರತಿ ಹಲಗೆಯನ್ನೂ ಕೊಯ್ದು ಸರಿಮಾಡುತ್ತಾ ಕೂರಬೇಕು.

ಕಂಬ ಬರುವ ಕಡೆ ಎರಡಡಿ ಆಳ, ಒಂದೂವರೆ ಅಡಿ ಚೌಕದ ಗುಂಡಿ. ತಳಕ್ಕೆ ಜಲ್ಲಿ ಕಾಂಕ್ರೀಟು. ಅದರ ಮೇಲೆ ಒಂಬತ್ತು ಇಂಚು ಚೌಕದ ಕಲ್ಲು, ನೆಲದಿಂದ ಒಂದಡಿ ಮೇಲೆ ನಿಲ್ಲುವಂತೆ. ನಮ್ಮದು ಕೆಮ್ಮಣ್ಣು, ಇಷ್ಟು ಸಾಕು. ಹಿರಿಯೂರು ಕಡೆಯ ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಗುಂಡಿ ಇನ್ನೂ ಆಳ, ಅಗಲ ಬೇಕು. ಹನ್ನೆರಡೂ ಕಲ್ಲಿನ ತಲೆ ಒಂದೇ ಮಟ್ಟಕ್ಕೆ ಬರಬೇಕು. ಇದಕ್ಕೆ ಉಪಕರಣ ಏನೂ ಬೇಡ. ಪಾರದರ್ಶಕ ಟ್ಯೂಬಿಗೆ ನೀರು ತುಂಬಿ, ಗುಳ್ಳೆ ಇಲ್ಲದಂತೆ ನೋಡಿಕೊಂಡು, ಎರಡು ತುದಿಯ ನೀರಿನ ಮಟ್ಟ ನೋಡಿದರೆ ಮುಗಿಯಿತು.

ಕಲ್ಲಿನ ತಲೆಯಲ್ಲಿ ತೂತು ಹೊಡೆಸಿ ಅರ್ಧ ಇಂಚಿನ ಕಬ್ಬಿಣದ ಸರಳು ನಿಲ್ಲಿಸಿದೆ. ಕಂಬದ ಬುಡಕ್ಕೂ ತೂತು ಕೊರೆದು ಅದರ ಮೇಲೆ ಕೂರಿಸಿದೆ. ಪಕ್ಕಕ್ಕೆ ಜಾರುವಂತಿಲ್ಲ. ಕಲ್ಲು ಮತ್ತು ಕಂಬದ ನಡುವೆ ಒಂದು ತಗಡು. ತಗಡು ನಾಲ್ಕೂ ಕಡೆ ಎರಡಿಂಚು ಹೊರಚಾಚಿ ಕೆಳಕ್ಕೆ ಬಾಗಿರಬೇಕು. ಗೆದ್ದಲಿಗೆ ಬೆಳಕು ಆಗದು, ಮಣ್ಣಿನ ಗೂಡು ಕಟ್ಟಿಕೊಂಡೇ ಏರುತ್ತದೆ. ಈ ತಗಡು ದಾಟಬೇಕಾದರೆ ಅದು ಹೊರಗೆ ಬಂದು, ನಮ್ಮ ಕಣ್ಣಿಗೆ ಬಿದ್ದೇ ಹೋಗಬೇಕು. ತಗಡು ಗೆದ್ದಲನ್ನು ಕೊಲ್ಲುವುದಿಲ್ಲ, ಹಿಡಿದುಕೊಡುತ್ತದೆ.

ತೊಲೆ ಕೂರಬೇಕು, ತೂಗಬಾರದು

ಹನ್ನೆರಡು ಅಡಿ ಅಗಲಕ್ಕೆ ಅಡ್ಡಲಾಗಿ, ಆರಡಿಗೊಂದರಂತೆ ನಾಲ್ಕು ತೊಲೆ. ಪ್ರತಿಯೊಂದೂ ಮೂರು ಕಂಬದ ಮೇಲೆ ಕೂರುತ್ತದೆ. ತೆಂಗಿನ ಹೊರಸುತ್ತಿನಲ್ಲಿ ದಪ್ಪ ತೊಲೆ ಸಿಗದು. ಹಾಗಾಗಿ ಎರಡು ಇಂಚು ದಪ್ಪ, ಆರು ಇಂಚು ಅಗಲದ ಎರಡು ಹಲಗೆಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಎರಡಡಿಗೊಂದು ಬೋಲ್ಟು ಹಾಕಿ ಜೋಡಿತೊಲೆ ಮಾಡಿದೆವು.

ಹಲಗೆ ಮಲಗಿಸಬಾರದು, ನಿಲ್ಲಿಸಬೇಕು. 2×6ರ ಅದೇ ಹಲಗೆ ಮಲಗಿದ್ದಾಗ ಹೊರುವುದಕ್ಕಿಂತ ನಿಂತಾಗ ಮೂರು ಪಟ್ಟು ಹೊರುತ್ತದೆ, ಬಗ್ಗುವುದು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮರ ಒಂದೇ, ಖರ್ಚು ಒಂದೇ, ಇಡುವ ರೀತಿಯಲ್ಲಿ ಇಷ್ಟು ವ್ಯತ್ಯಾಸ! ಹಾಗೇ ಕಂಬ ಉಳಿಸುವ ಆಸೆಗೂ ಬೀಳಬೇಡಿ. ಕಂಬದಿಂದ ಕಂಬಕ್ಕೆ ದೂರ ಎರಡರಷ್ಟಾದರೆ, ಅಡಿಗೆ ಅಷ್ಟೇ ಭಾರ ಇದ್ದರೂ, ತೊಲೆ ಬಗ್ಗುವುದು ಹದಿನಾರು ಪಟ್ಟು.

ಕಂಬದ ತಲೆಯಲ್ಲಿ ತೊಲೆ ಕೂರುವಷ್ಟು ಕಚ್ಚು ತೆಗೆದು, ಅದರಲ್ಲಿ ಕೂರಿಸಿ, ಪಕ್ಕದಿಂದ ಅರ್ಧ ಇಂಚಿನ ಎರಡು ಬೋಲ್ಟು, ಎರಡೂ ಕಡೆ ವಾಷರ್ ಹಾಕಿದೆವು. ಭಾರ ಹೊರುವುದು ಮರದ ಮೇಲಿನ ಮರ. ಬೋಲ್ಟಿನ ಕೆಲಸ ಅದನ್ನು ಅಲ್ಲಾಡದಂತೆ ಹಿಡಿಯುವುದು ಮಾತ್ರ. ತೊಲೆಗೋ ಜಂತೆಗೋ ಕೀಲು ಬರುವುದಾದರೆ ಆಧಾರದ ನೆತ್ತಿಯ ಮೇಲೇ ಬರಬೇಕು, ನಡುವೆ ಅಲ್ಲ.

ತೊಲೆಗಳ ಮೇಲೆ ಉದ್ದಕ್ಕೆ, ಒಂದೂವರೆ ಅಡಿಗೊಂದು, 2×4ರ ಜಂತೆ. ಇವೂ ನಿಂತೇ ಇರಬೇಕು. ಜಂತೆಗಳ ಮೇಲೆ ಮೂರು ಇಂಚು ಅಗಲ, ಒಂದೂವರೆ ಇಂಚು ದಪ್ಪದ ರೀಪು. ರೀಪಿನಿಂದ ರೀಪಿಗೆ ಎರಡಿಂಚು ಸಂದು. ಕಾಯಿ ಬೀಳದು, ಗಾಳಿ ತಡೆಯಾಗದು, ಕಸ ತಾನಾಗಿ ಉದುರುತ್ತದೆ. ಗಟ್ಟಿ ತೆಂಗಿಗೆ ನೇರ ಮೊಳೆ ಹೊಡೆದರೆ ಸೀಳುತ್ತದೆ. ಮೊಳೆಗಿಂತ ತುಸು ಸಣ್ಣ ತೂತು ಕೊರೆದು ಆಮೇಲೆ ಹೊಡೆಯಿರಿ. ನಾವು ರೀಪಿಗೆ ಸ್ಕ್ರೂ ಬಳಸಿದೆವು; ಒಂದು ಕೆಟ್ಟರೆ ಅದೊಂದನ್ನೇ ಬಿಚ್ಚಿ ಬದಲಾಯಿಸಬಹುದು.

ಆಷಾಢದ ಗಾಳಿಗೆ

ನಾವು ಗುಡ್ಡದ ಪಡುವಣ ಮಗ್ಗುಲಿನವರು. ಆಷಾಢದ ಗಾಳಿ ನೇರ ನಮ್ಮ ಎದೆಗೇ ಬಡಿಯುತ್ತದೆ. ಕಾಯಿ ಒಣಗಲಿಕ್ಕೆ ಅದು ವರ. ಅದಕ್ಕೇ ಅಟ್ಟದ ಉದ್ದ ಮಗ್ಗುಲು ಪಡುವಣಕ್ಕೆ ಇರಲಿ. ಆದರೆ ಬರೀ ಕಂಬದ ಮೇಲೆ ನಿಂತ ಅಟ್ಟವನ್ನು ಅದೇ ಗಾಳಿ, ಅದೇ ರಾಶಿಯ ಒತ್ತಡ ಪಕ್ಕಕ್ಕೆ ವಾಲಿಸುತ್ತದೆ. ನಾಲ್ಕು ಕಡ್ಡಿಯ ಚೌಕವನ್ನು ತಳ್ಳಿದರೆ ಓರೆಯಾಗುತ್ತದೆ, ಮೂರು ಕಡ್ಡಿಯ ತ್ರಿಕೋನ ಅಲುಗದು. ಪ್ರತಿ ಮೂಲೆಗಂಬದಿಂದ ತೊಲೆಗೆ, ಅಂಚಿನ ಜಂತೆಗೆ, ಎರಡೂ ದಿಕ್ಕಿಗೆ ಓರೆಪಟ್ಟಿ ಕೊಡಿ. ನಡುಗಂಬಕ್ಕೂ ಕೊಡಿ. ತಲೆಗೆ ತಾಗುತ್ತದೆ ಅಂತ ಬಿಡಬೇಡಿ. ನಾನು ಮೊದಲ ಅಟ್ಟಕ್ಕೆ ಬಿಟ್ಟದ್ದು ಅದೇ ನೆವದಿಂದ.

ನಮ್ಮಲ್ಲಿ ಮಳೆ ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು, ಆದರೆ ಗಾಳಿಯ ಜೊತೆ ಇರಚಲು ಹೊಡೆಯುತ್ತದೆ. ಸೂರು ಅಟ್ಟದಿಂದ ಮೂರಡಿ ಹೊರಚಾಚಿರಲಿ. ಒದ್ದೆಯಾಗಿ ಬೇಗ ಒಣಗದ ಮರ ಯಾವ ಔಷಧಿಗೂ ಉಳಿಯದು.

ಹುಳಕ್ಕೆ, ಇಲಿಗೆ

ಹಲಗೆಗಳಿಗೆ ಬೋರಾನ್ ಉಣಿಸಿದೆ. ನೂರು ಲೀಟರ್ ಬಿಸಿನೀರಿಗೆ ಮೂರು ಕಿಲೋ ಬೋರಾಕ್ಸ್, ಎರಡು ಕಿಲೋ ಬೋರಿಕ್ ಆಸಿಡ್. ಹಳೇ ಟಾರ್ಪಾಲಿನ ತೊಟ್ಟಿ ಮಾಡಿ, ಕೊಯ್ದ ಹಲಗೆಗಳನ್ನು ಒಣಹಾಕುವ ಮುಂಚೆ ಅದ್ದಿ ನೆನೆಸಿದೆ. ಕೈಗವಸು ಹಾಕಿಕೊಳ್ಳಿ, ದನಕರು ಆ ನೀರು ಕುಡಿಯದಂತೆ ನೋಡಿಕೊಳ್ಳಿ. ಮಳೆಗೆ ನೆನೆದರೆ ಬೋರಾನ್ ತೊಳೆದುಹೋಗುತ್ತದೆ, ಸೂರಿನಡಿ ಮಾತ್ರ ನಿಲ್ಲುತ್ತದೆ. ಕೆಲವರು ಟ್ರಾಕ್ಟರಿನ ಸುಟ್ಟ ಆಯಿಲ್, ಡಾಂಬರು ಬಳಿಯುತ್ತಾರೆ. ಕಾಯಿ ತಾಗುವ ರೀಪಿಗೆ ಅದು ಬೇಡ. ಕೊಬ್ಬರಿ ತಿನ್ನುವ ಪದಾರ್ಥ, ವಾಸನೆಯನ್ನೂ ಬೇಗ ಹೀರುತ್ತದೆ.

ಇಲಿಗೆ, ಪ್ರತಿ ಕಂಬದ ನಡುಮಟ್ಟದಲ್ಲಿ ತಗಡಿನ ಕೊಡೆ. ಏಣಿಯನ್ನು ಅಟ್ಟಕ್ಕೆ ಒರಗಿಸಿಯೇ ಬಿಟ್ಟರೆ ಕೊಡೆ ಹಾಕಿಯೂ ದಂಡ. ಇಳಿದ ಮೇಲೆ ತೆಗೆದಿಡಿ.

ಖರ್ಚು, ಶ್ರಮ

ತೆಂಗು, ಜಾಲಿ ನಮ್ಮದೇ. ದುಡ್ಡು ಹೋದದ್ದು ಮುಖ್ಯವಾಗಿ ಮಿಲ್ಲಿನ ಕೂಲಿ, ಕಲ್ಲು, ಬೋಲ್ಟುಗಳಿಗೆ. ಕಟ್ಟಲು ಬಡಗಿ, ನಾನು, ಒಬ್ಬ ಆಳು ಸೇರಿ ಹನ್ನೊಂದು ದಿನ. ಮೊದಲ ಅಟ್ಟಕ್ಕಿಂತ ಜಾಸ್ತಿಯೇ ಆಯಿತು. ಆದರೆ ಉಂಡೆ ಕೊಬ್ಬರಿಗೆ 2025ರ ಹಂಗಾಮಿನಲ್ಲಿ ಕೇಂದ್ರದ ಬೆಂಬಲ ಬೆಲೆಯೇ ಕ್ವಿಂಟಾಲಿಗೆ 12,100 ರೂಪಾಯಿ ಇತ್ತು. ಅಟ್ಟದ ಮೇಲೆ ಕೂತಿರುವ ಮಾಲು ಎಷ್ಟು ಬೆಲೆಯದ್ದು ಅಂತ ಲೆಕ್ಕ ಹಾಕಿದರೆ ಬೋಲ್ಟಿನ ದುಡ್ಡು ಹೆಚ್ಚೆನಿಸದು.

ವರ್ಷಕ್ಕೊಮ್ಮೆ ಸ್ಕ್ರೂಡ್ರೈವರ್ ಹಿಡಿಯಿರಿ

ಹೊಸ ಅಟ್ಟದ ಮೇಲೆ ನಾಲ್ಕು ಸಲ ಕಾಯಿ ಏರಿ ಇಳಿದಿದೆ. ಪ್ರತಿಸಲ ಕಾಯಿ ಇಳಿಸಿ ಅಟ್ಟ ಖಾಲಿಯಾದಾಗ ಮೂರು ಕೆಲಸ ಮಾಡುತ್ತೇನೆ. ಕಂಬದ ಬುಡ, ತೊಲೆ ಕೂತ ಕಚ್ಚು, ಕೀಲುಗಳಿಗೆ ಸ್ಕ್ರೂಡ್ರೈವರಿನ ಮೊನೆ ಚುಚ್ಚಿ ನೋಡುವುದು. ಮೊನೆ ಸಲೀಸಾಗಿ ಒಳಹೋದರೆ ಅಲ್ಲಿ ಕೊಳೆ ಇದೆ ಅಂತ ಅರ್ಥ. ಸಡಿಲವಾದ ಬೋಲ್ಟು ಬಿಗಿ ಮಾಡುವುದು. ಮರ ಒಣಗಿದಂತೆ ಕುಗ್ಗಿ ಮೊದಲ ವರ್ಷ ಎಲ್ಲ ಬೋಲ್ಟೂ ಸಡಿಲವಾಗುತ್ತವೆ. ತಗಡಿನ ಅಂಚಿನಲ್ಲಿ ಗೆದ್ದಲಿನ ಮಣ್ಣಿನ ದಾರಿ ಇದೆಯೇ ನೋಡುವುದು. ಕಾಯಿ ಏರಿಸುವಾಗಲೂ ಒಂದೇ ಮೂಲೆಗೆ ರಾಶಿ ಸುರಿಯದೆ ಎಲ್ಲ ಕಡೆ ಸಮನಾಗಿ ಹರಡುತ್ತಾ ಬರುತ್ತೇವೆ.

ಮೇಕೆಗಳನ್ನು ಈಗ ಅಟ್ಟದ ಕೆಳಗೆ ಕಟ್ಟುವುದಿಲ್ಲ. ಎಷ್ಟು ಗಟ್ಟಿಯಾಗಿ ಕಟ್ಟಿದ್ದರೂ ಐದು ಟನ್ನಿನ ಕೆಳಗೆ ಜೀವ ಇಡಬಾರದು ಅನ್ನುವುದು ಅಮ್ಮನ ಕಟ್ಟಪ್ಪಣೆ. ಅವರು ಹಿಕ್ಕೆ ಗುಡಿಸುವ ಜಾಗವೂ ಬದಲಾಗಿದೆ.

ಯಾರಾದರೂ ಹೊಸ ಅಟ್ಟ ತೋರಿಸಲು ಕರೆದರೆ ನಾನು ಮೇಲಿನ ಹಲಗೆ ನೋಡುವುದಿಲ್ಲ. ಬಗ್ಗಿ ಒಳಗೆ ಹೋಗಿ ನಡುಗಂಬದ ಬುಡ ನೋಡುತ್ತೇನೆ. ನಿಮ್ಮ ಮನೆಯಲ್ಲಿ ಹಳೇ ಅಟ್ಟ ಇದ್ದರೆ ಈ ಲೇಖನ ಓದಿ ಮುಗಿಸಿದ ಮೇಲೆ ನೀವೂ ಒಮ್ಮೆ ಬಗ್ಗಿ ನೋಡಿ ಬನ್ನಿ. ಇದಕ್ಕಿಂತ ಸುಲಭದ, ಅಗ್ಗದ ಉಪಾಯ ನಿಮಗೆ ಗೊತ್ತಿದ್ದರೆ ಪತ್ರಿಕೆಗೆ ಬರೆಯಿರಿ. ನಾನೂ ಕಲಿಯುತ್ತೇನೆ.